ನೊಣ ಬಾರದ ದಿನಗಳು

ನಾನು ನಿಂತಿದ್ದದ್ದು ಸಿದ್ದರಬೆಟ್ಟದ ಪಡುವಣ ಬುಡದಲ್ಲಿ, ಭಕ್ತರು ಹತ್ತುವ ಮೆಟ್ಟಿಲುಗಳಿಂದ ಬಹಳ ದೂರ, ಎರಡು ಬಂಡೆಗಳು ಒಂದಕ್ಕೊಂದು ಒರಗಿ ಸಂದಿಯಾಗಿರುವ ಕಡೆ. ಗಣೇಶನ ಹಬ್ಬ ಕಳೆದ ಮೇಲಿನ ಸೋಮವಾರ. ಬೆಳಗಿನ ಹೊತ್ತು, ಬೆಟ್ಟದ ನೆರಳು ಇನ್ನೂ ನಮ್ಮ ಮೇಲಿತ್ತು. ಸಂದಿಯ ಬಾಯಿ ನನ್ನ ಎಡಗಡೆ. ಅದರೊಳಗೆ ಒಬ್ಬ ಮನುಷ್ಯ ಅಂಗಾತ ಮಲಗಿದ್ದ. ಅವನ ಪಾದಗಳು ನನಗೆ ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ. ಮುಖವನ್ನು ನೋಡಿದ್ದು ಆಮೇಲೆ, ಬಾಗಿ ಒಳಗೆ ಹೋದಾಗ.

ಇದನ್ನೆಲ್ಲ ಈಗ ಬರೆಯಲು ಕಾರಣ ಒಂದು ವಾಸನೆ. ಮೊನ್ನೆ ಮಧುಗಿರಿಯಿಂದ ಕೊರಟಗೆರೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ದಾರಿಯಲ್ಲಿ ಒಬ್ಬ ಹೆಂಗಸು ಹತ್ತಿ ನನ್ನ ಪಕ್ಕದಲ್ಲಿ ಕೂತಳು. ಕಾಲ ಬಳಿ ಇಟ್ಟುಕೊಂಡಿದ್ದ ಹೊರೆ ಲಕ್ಕಿ ಸೊಪ್ಪಿನದು. ಮಗಳ ಬಾಣಂತನವಂತೆ, ಸೊಪ್ಪನ್ನು ನೀರಿಗೆ ಹಾಕಿ ಕಾಯಿಸಿ ಎರೆಯಬೇಕಂತೆ. ಬಿಸಿಲಿಗೆ ಬಾಡಿದ ಸೊಪ್ಪು ಘಾಟಾಗಿತ್ತು. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲ ಬಳಿ ಹೋಗಿ ನಿಂತೆ. ಅವಳು ತನ್ನ ಹೊರೆಯನ್ನು ಇನ್ನಷ್ಟು ಒಳಗೆ ಸರಿಸಿಕೊಂಡಳು. ಅಸಹ್ಯಪಟ್ಟೆ ಎಂದುಕೊಂಡಿರಬೇಕು.

ಆ ವರ್ಷ ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ನೊಣಗಳ ಬಗ್ಗೆ ಓದಿಕೊಂಡಿದ್ದೆ. ಹೆಣದ ಮೇಲಿನ ಹುಳುಗಳ ವಯಸ್ಸಿನಿಂದ ಸಾವಿನ ಕಾಲವನ್ನು ತಿಳಿಯುವ ಕೆಲಸ ಬೆಂಗಳೂರಿನಲ್ಲಿ ಒಬ್ಬ ಮೇಡಂ ಮಾಡುತ್ತಿದ್ದರು. ನಾನು ಅವರ ಹಳೆಯ ವಿದ್ಯಾರ್ಥಿ. ಬೆಟ್ಟದ ಬುಡದಲ್ಲಿ ಸೌದೆ ಆಯಲು ಹೋದವರು ಹೆಣ ಕಂಡು ಪೊಲೀಸರಿಗೆ ಹೇಳಿದಾಗ, ಇನ್‌ಸ್ಪೆಕ್ಟರ್ ಮೇಡಂಗೆ ಫೋನ್ ಮಾಡಿದರು, ಮೇಡಂ ನನಗೆ ಮಾಡಿದರು. ಹತ್ತಿರದಲ್ಲಿ ಇರುವವನು ನೀನೇ, ಹೋಗಿ ಹುಳು ಎತ್ತಿಕೊಂಡು ಬಾ ಎಂದರು. ಹುಳುಗಳ ಜೊತೆಗೆ ಅವನ ಅಂಗಿಯ ಮಡಿಕೆಗಳನ್ನು ಒದ್ದೆ ಹತ್ತಿಯಿಂದ ಒರೆಸಿ ಆ ಹತ್ತಿಯನ್ನೂ, ಮೈ ಅಡಿಯ ಮಣ್ಣನ್ನೂ, ಸ್ವಲ್ಪ ದೂರದ ಮಣ್ಣನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ತರಲು ಹೇಳಿದರು. ಗಿಡವಾಗಲಿ ಪ್ರಾಣಿಯಾಗಲಿ, ಒಂದು ಕಡೆ ಇದ್ದು ಹೋದರೆ ತನ್ನ ಕಣಗಳನ್ನು ಅಲ್ಲಿ ಬಿಟ್ಟೇ ಹೋಗುತ್ತದೆ. ಕಣ್ಣಿಗೆ ಕಾಣದ ಆ ಕಣಗಳಲ್ಲಿ ಡಿಎನ್‌ಎ ಉಳಿದಿರುತ್ತದೆ. ಅದನ್ನು ಓದಿದರೆ ಅಲ್ಲಿ ಯಾವುದು ಇತ್ತು ಎಂದು ತಿಳಿಯುತ್ತದೆ. ಹೊಸ ವಿದ್ಯೆ, ಮಾಡಿ ನೋಡೋಣ ಎಂದರು ಮೇಡಂ.

ಸತ್ತವನು ಗಿರಿಯಪ್ಪ. ಬೆಟ್ಟದಲ್ಲಿ ಬೇರು, ನಾರು, ಸೊಪ್ಪು ಕಿತ್ತು ನಾಟಿ ವೈದ್ಯರಿಗೆ ಕೊಡುತ್ತಿದ್ದವನು. ಒಮ್ಮೆ ಬೆಟ್ಟ ಹತ್ತಿದರೆ ಗವಿಗಳಲ್ಲೇ ಮಲಗಿ, ಮನಸ್ಸು ಬಂದಾಗ ಇಳಿಯುವವನಾದ್ದರಿಂದ ಮನೆಯಲ್ಲಿ ಯಾರೂ ಹುಡುಕಿರಲಿಲ್ಲ. ತಲೆಯ ಹಿಂದೆ ಪೆಟ್ಟಾಗಿತ್ತು. ಹೊಡೆದದ್ದೋ ಬಿದ್ದದ್ದೋ ಹೇಳಲಾಗದು ಎಂದರು ಡಾಕ್ಟರು. ಸತ್ತ ದಿನವನ್ನೂ ಅವರು ಖಚಿತವಾಗಿ ಹೇಳಲಿಲ್ಲ. ಸಂದಿ ತಂಪಾಗಿತ್ತು, ಮಳೆಯೂ ಬಂದಿತ್ತು, ಹಿಂದೆ ಮುಂದೆ ಆಗಬಹುದು ಎಂದರು.

ಗಿರಿಯಪ್ಪನಿಗೆ ಒಬ್ಬನೇ ತಮ್ಮ, ನಾಗರಾಜ. ಅಣ್ಣನ ಜೊತೆ ಬೆಟ್ಟ ಸುತ್ತಿ ಬೆಳೆದವನು, ಅದನ್ನು ಬಿಟ್ಟು ಪಾವಗಡದ ಕಡೆ ಬಲಸಮುದ್ರದಲ್ಲಿ ಸೋಲಾರ್ ಪ್ಲೇಟು ತೊಳೆಯುವ ಕೆಲಸಕ್ಕೆ ಸೇರಿದ್ದ. ಹಬ್ಬಕ್ಕೆ ಮುಂಚೆ ಸಂತೆಯ ಟೀ ಅಂಗಡಿಯ ಮುಂದೆ ಇಬ್ಬರಿಗೂ ಜಗಳವಾಗಿತ್ತು. ಇಬ್ಬರೂ ಕಲಿತ ಬೆಟ್ಟದ ವಿದ್ಯೆಯನ್ನು ಹಾಳು ಮಾಡಿದೆ ಎಂದು ಅಣ್ಣ ಬೈದನಂತೆ, ನಿನ್ನ ಹೆಣಕ್ಕೂ ನಾನು ಬರಲ್ಲ ಎಂದು ತಮ್ಮ ಕೂಗಿದನಂತೆ. ಆ ಮಾತನ್ನು ಸಂತೆಯ ಅರ್ಧ ಜನ ಕೇಳಿದ್ದರು. ಶುಕ್ರವಾರದವರೆಗೆ ಅವನು ಬಲಸಮುದ್ರದಲ್ಲೇ ಇದ್ದ, ಜೊತೆಗಾರರೆಲ್ಲ ನೋಡಿದ್ದಾರೆ. ಶುಕ್ರವಾರ ಸಂಜೆಯ ಬಸ್ಸಿಗೆ ಊರಿಗೆ ಬಂದ. ಶನಿವಾರ ಪೂರ್ತಿ ಎಲ್ಲಿದ್ದೆ ಎಂದರೆ, ಹೊಲದ ಕಡೆ ಒಬ್ಬನೇ ಅಡ್ಡಾಡುತ್ತಿದ್ದೆ ಎಂದ. ಅದನ್ನು ಕಂಡವರು ಯಾರೂ ಇರಲಿಲ್ಲ.

ಹೀಗಾಗಿ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಂತಿತು. ಗಿರಿಯಪ್ಪ ಸತ್ತದ್ದು ಶುಕ್ರವಾರ ಸಂಜೆಗೆ ಮೊದಲೋ ಆಮೇಲೋ? ಮೊದಲಾದರೆ ತಮ್ಮ ನಿರಪರಾಧಿ. ಆಮೇಲಾದರೆ ಅವನು ಜೈಲಿಗೆ. ಉತ್ತರ ಹೇಳಬೇಕಾದವು ನನ್ನ ಡಬ್ಬಿಯಲ್ಲಿದ್ದ ಹುಳುಗಳು.

ಅವುಗಳಲ್ಲಿ ಕೆಲವನ್ನು ಬಿಸಿನೀರಿಗೆ ಹಾಕಿ ಸ್ಪಿರಿಟ್ಟಿನಲ್ಲಿಟ್ಟು ಬೆಂಗಳೂರಿಗೆ ಕಳಿಸಿದೆ. ಉಳಿದವನ್ನು ನೊಣವಾಗುವ ತನಕ ಸಾಕಬೇಕು, ಆಗಲೇ ಯಾವ ಜಾತಿಯ ನೊಣ ಎಂದು ಸರಿಯಾಗಿ ತಿಳಿಯುವುದು. ಕಾಲೇಜಿನ ಪ್ರಯೋಗಾಲಯದಲ್ಲಿ ಇಡಲು ಪ್ರಿನ್ಸಿಪಾಲರು ಒಪ್ಪಲಿಲ್ಲ. ನನ್ನ ರೂಮಿನಲ್ಲೇ ಇಟ್ಟುಕೊಂಡೆ. ಬಾಡಿಗೆಯ ರೂಮು, ಮಹಡಿಯ ಮೇಲೆ. ಕೆಳಗೆ ಮನೆಯ ಯಜಮಾನ ಅಮೀರ್ ಸಾಬ್, ಶಿರಾದಿಂದ ಬಂದು ಟ್ರಂಕಿನ ಅಂಗಡಿ ಇಟ್ಟವರು. ಹುಳುಗಳಿಗೆ ದಿನವೂ ಕುರಿಯ ಈಲಿ, ಅಂದರೆ ಲಿವರ್, ಬೇಕು. ಮಾಂಸದಂಗಡಿಯವನು ಮೊದಮೊದಲು ಸುಮ್ಮನೆ ಕಟ್ಟಿಕೊಟ್ಟ. ಆಮೇಲೆ ಒಂದು ದಿನ, ಅಂಗಡಿಯ ಮುಂದೆ ನಿಂತಿದ್ದವರಿಗೆಲ್ಲ ಕೇಳುವ ಹಾಗೆ, "ರೋಜ್ ಕಲೇಜಿ ತಿಂದೂ ತಿಂದೂ ಮೇಷ್ಟ್ರು ಇಂಗೆ ಒಣಗ್ತಾ ಅವ್ರಲ್ಲ, ನಮ್ಮ ಮಾಲಲ್ಲೇ ಏನೋ ಖರಾಬಿ ಐತೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವಾರ ನಾನು ನಕ್ಕದ್ದು ಅದೊಂದೇ ಸಲ.

ನಿಜ ಗೊತ್ತಾದ ಮೇಲೆ ನಗು ನಿಂತಿತು. ಅಮೀರ್ ಸಾಬರ ಮನೆಯಿಂದ ಶುಕ್ರವಾರ ಶುಕ್ರವಾರ ಬರುತ್ತಿದ್ದ ತಟ್ಟೆ ಬರಲಿಲ್ಲ. ಅವರು ಕೆಟ್ಟವರಲ್ಲ. ಮೆಟ್ಟಿಲ ಮೇಲೆ ನಿಂತು, "ಸಾರ್, ಬುರಾ ಮಾನ್ಬೇಡಿ, ಹೆಂಗಸ್ರು ಹೆದ್ರಿಕೊಂಡವ್ರೆ" ಎಂದು ಹೇಳಿಯೇ ಹೋದರು. ಕಾಲೇಜಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ನನ್ನ ಬಟ್ಟೆಗೆ ವಾಸನೆ ಇತ್ತೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಎಷ್ಟು ಸೋಪು ಹಚ್ಚಿದರೂ ಇರಬಹುದು ಎನಿಸುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ರೂಮಿಗೆ ಬಂದರೆ ಮುಚ್ಚಿದ ಡಬ್ಬಿಗಳೊಳಗೆ ಹುಳುಗಳು ಹರಿದಾಡುವ ಸಣ್ಣ ಸದ್ದು. ನನಗೆ ಜೊತೆ ಎಂದರೆ ಅದು.

ಇನ್ನೊಂದು ಕೆಲಸವಿತ್ತು. ಹುಳುಗಳ ಬೆಳವಣಿಗೆ ಸೆಕೆ ಚಳಿಗಳ ಮೇಲೆ ನಿಂತಿರುವುದರಿಂದ, ಹೆಣ ಇದ್ದ ಜಾಗದಲ್ಲೇ ಸ್ವಲ್ಪ ದಿನ ಉಷ್ಣತೆಯನ್ನು ಅಳೆಯಬೇಕು. ಸಂದಿಯೊಳಗೆ ಉಷ್ಣಮಾಪಕ ಕಟ್ಟಿ, ದಿನಾ ಕಾಲೇಜು ಮುಗಿದ ಮೇಲೆ ಬೈಕಿನಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಅಲ್ಲಿ ಬರೀ ಬಂಡೆ, ತಂಗಡಿ, ಜಾಲಿ. ದೂರದಲ್ಲಿ ಹಳ್ಳ. ನಾನು ಹೋಗುವ ಹೊತ್ತಿಗೆ ಒಬ್ಬ ಮುದುಕಿ ಕುರಿ ಹೊಡೆದುಕೊಂಡು ಹಟ್ಟಿಗೆ ಮರಳುತ್ತಿದ್ದಳು. ಕುರಿಗಳು ಸಂದಿಯ ಕಡೆ ನುಗ್ಗಿದರೆ ಹುಶ್ ಎಂದು ತಿರುಗಿಸಿ, ಬಳಸು ದಾರಿ ಹಿಡಿಸುವಳು. ಹೆಣ ಬಿದ್ದ ಜಾಗವೆಂದು ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳ ಹೆಸರು ಜುಂಜಮ್ಮ.

ಮಾತು ಶುರು ಮಾಡಿದವಳು ಅವಳೇ. ಒಂದು ಸಂಜೆ ನಿಂತು, "ದಿನಾ ಬಂದು ಅದೇನು ಕಾಯ್ತೀಯಪ್ಪ ಆ ತೂತು?" ಎಂದಳು. ಉಷ್ಣಮಾಪಕ ತೋರಿಸಿದೆ. ಬೆಟ್ಟಕ್ಕೆ ಜ್ವರ ಬಂದೈತಾ ಎಂದು ಕೇಳಿದಳು. ಆಮೇಲೆ ದಿನವೂ ಸ್ವಲ್ಪ ಹೊತ್ತು ಬಂಡೆಯ ಮೇಲೆ ಕೂರುತ್ತಿದ್ದಳು. ಹೆಚ್ಚು ಮಾತಿಲ್ಲ. ನನಗೆ ಮದುವೆಯಾಗಿಲ್ಲ ಎಂದು ತಿಳಿದು ನಿಟ್ಟುಸಿರು ಬಿಟ್ಟಳು. ಒಮ್ಮೆ ಸೆರಗಿನ ಗಂಟಿನಿಂದ ಹುರಿಗಡಲೆ ತೆಗೆದು ಅರ್ಧ ನನ್ನ ಅಂಗೈಗೆ ಸುರಿದಳು. ಆ ಋತುವಿನಲ್ಲಿ ಯಾರಾದರೂ ತಮ್ಮ ಕೈಯಿಂದ ನನ್ನ ಕೈಗೆ ತಿನ್ನಲು ಕೊಟ್ಟದ್ದು ಅದೊಂದೇ. ಅದಕ್ಕೇ ಮುಂದೆ ನಾನು ಅವಳನ್ನು ಕೇಳಬೇಕಾದ ಮಾತು ಅಷ್ಟು ಕಷ್ಟವಾಯಿತು.

ಹುಳುಗಳು ಕೋಶ ಕಟ್ಟಿ, ಕೋಶ ಒಡೆದು, ಹೊಳೆಯುವ ಹಸಿರು ನೊಣಗಳಾದವು. ಮೇಡಂ ಲೆಕ್ಕ ಹಾಕಿದರು. ನೊಣಗಳು ಮೊಟ್ಟೆ ಇಟ್ಟದ್ದು ಶನಿವಾರ. ಅದಕ್ಕೂ ಹಿಂದಿನ ಹುಳು ಒಂದೂ ಇಲ್ಲ. ಇದು ನೊಣ ಬಂದ ದಿನ, ಸತ್ತ ದಿನ ಎಂದು ನಾನು ಹೇಳುತ್ತಿಲ್ಲ, ಎಂದು ಅವರು ಫೋನಿನಲ್ಲಿ ಇನ್‌ಸ್ಪೆಕ್ಟರಿಗೆ ಸ್ಪಷ್ಟವಾಗಿಯೇ ಹೇಳಿದರು. ನಾನು ಠಾಣೆಯಲ್ಲೇ ಪಕ್ಕದಲ್ಲಿದ್ದೆ, ಫೋನು ಎಲ್ಲರಿಗೂ ಕೇಳುವಂತಿತ್ತು. ಇನ್‌ಸ್ಪೆಕ್ಟರ್, "ಹೆಣ ಬಯಲಲ್ಲಿ ಬಿದ್ರೆ ನೊಣ ಬರೋಕೆ ಎಷ್ಟೊತ್ತು ಮೇಡಂ?" ಎಂದರು. ಹಗಲಾದರೆ ಬಹಳ ಬೇಗ ಬರುತ್ತವೆ, ತಡೆಯುವುದು ಏನೂ ಇಲ್ಲದಿದ್ದರೆ, ಎಂದರು ಮೇಡಂ. ಇನ್‌ಸ್ಪೆಕ್ಟರ್ ತಲೆಯಾಡಿಸಿದರು.

ಆ ಹೊತ್ತಿಗೆ ನಾಗರಾಜ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ದಿನಾ ಬೆಳಿಗ್ಗೆ ಬಂದು ಕೂತು ಸಂಜೆ ಹೋಗಬೇಕೆಂದು ಅವನಿಗೆ ಹೇಳಲಾಗಿತ್ತು. ನಾನು ಹೊರಗೆ ಬಂದಾಗ ಎದ್ದು ನಿಂತ. "ಸಾರ್, ಹುಳ ಏನಂದ್ವು?" ಎಂದು ಕೇಳಿದ. ಕೇಳಿದ ರೀತಿಯಲ್ಲಿ ವ್ಯಂಗ್ಯವಿರಲಿಲ್ಲ, ಪರೀಕ್ಷೆಯ ಫಲಿತಾಂಶ ಕೇಳುವವರ ಹಾಗಿತ್ತು. ಇನ್ನೂ ಪೂರ್ತಿ ಆಗಿಲ್ಲ ಎಂದೆ. ಅದು ನಿಜವೇ ಆಗಿತ್ತು. ಅಂಗಿಯ ಮತ್ತು ಮಣ್ಣಿನ ಫಲಿತಾಂಶ ಬಂದಿರಲಿಲ್ಲ. ವರದಿ ಅದರ ಜೊತೆಗೇ ಹೋಗಬೇಕು ಎಂದು ಮೇಡಂ ಹಟ ಹಿಡಿದಿದ್ದರು. ಅದು ಬಂದ ದಿನ ಅವನನ್ನು ಒಳಗೆ ಹಾಕುತ್ತಾರೆ ಎಂದು ಹೆಡ್ ಕಾನ್‌ಸ್ಟೇಬಲ್ ರಾಮಕೃಷ್ಣಯ್ಯ ನನ್ನ ಕಿವಿಯಲ್ಲಿ ಹೇಳಿದರು.

ಫಲಿತಾಂಶ ಬಂದಾಗ ನಾನು ಬೈಕು ನಿಲ್ಲಿಸಿ, ಫೋನಿನಲ್ಲಿ ಮೇಡಂ ಓದಿದ್ದನ್ನು ಎರಡು ಸಲ ಕೇಳಿದೆ. ಸಂದಿಯ ಮಣ್ಣಿನಲ್ಲಿ ತಂಗಡಿ, ಜಾಲಿ, ಹುಲ್ಲು, ಇರುವೆ, ಓತಿಕ್ಯಾತ, ನಾನು ಕಣ್ಣಾರೆ ಕಂಡವೇ. ಅಂಗಿಯ ಮಡಿಕೆಗಳಲ್ಲಿ ಮಾತ್ರ ಬೇರೆ ಎರಡು, ಬಹಳ ಹೆಚ್ಚಾಗಿ. ಲಕ್ಕಿ ಗಿಡ ಮತ್ತು ಕುರಿ. ಅಂಗಿಯ ಬಟ್ಟೆಗೆ ಇವು ಹತ್ತಿ, ಅಡಿಯ ಮಣ್ಣಿಗೆ ಹತ್ತದಿರುವುದು ಹೇಗೆ ಎಂದು ಮೇಡಂ ನನ್ನನ್ನು ಕೇಳಿದರು. ಅವನು ಸೊಪ್ಪು ಕೀಳುವವನು, ಅಂಗಿಗೆ ಹತ್ತಿರಬಹುದು ಎಂದೆ. ಕುರಿ? ಎಂದರು. ಲಕ್ಕಿ ಬೆಳೆಯುವುದು ಹಳ್ಳದ ದಂಡೆಯಲ್ಲಿ. ಆ ಸಂದಿಯ ಹತ್ತಿರ ಒಂದು ಗಿಡವೂ ಇಲ್ಲ. ಲಕ್ಕಿ ಸೊಪ್ಪಿನ ಘಾಟಿಗೆ ನೊಣ ಸುಳಿಯುವುದಿಲ್ಲ. ನಮ್ಮ ಕಡೆ ರಾಗಿ ಕಣಜಕ್ಕೂ ಹುಳ ಹಿಡಿಯದಿರಲಿ ಎಂದು ಅದನ್ನೇ ಹಾಕುತ್ತಾರೆ. ಯಾರೋ ಹಳ್ಳಕ್ಕೆ ಇಳಿದು, ಕಿತ್ತು, ಹೊತ್ತು ತಂದು ಅವನ ಮೇಲೆ ಹಾಕಿದ್ದಾರೆ. ಅದೇ ಜಾಗವನ್ನು ಬಳಸಿಕೊಂಡು ಹೋಗುವ ಕುರಿಗಳನ್ನು ನಾನು ದಿನವೂ ನೋಡುತ್ತಿದ್ದೆ.

ಆ ಸಂಜೆ ಅವಳು ಬಂಡೆಯ ಮೇಲೆ ಕೂತ ಮೇಲೆ ಕೇಳಿದೆ. ಅಜ್ಜಿ, ಆ ಸಂದಿಗೆ ಲಕ್ಕಿ ಸೊಪ್ಪು ತಂದವರು ಯಾರು ಎಂದೆ. ಅವಳು ಕೋಲಿನಿಂದ ನೆಲ ಕೆದಕಿದಳು. ಎದ್ದು ಕುರಿಗಳ ಹಿಂದೆ ಹೋದಳು. ಮರುದಿನ ಅವಳು ಬರಲಿಲ್ಲ. ಕುರಿಗಳನ್ನು ಅವಳ ಮಗ ಹೊಡೆದುಕೊಂಡು ಹೋದ, ನನ್ನನ್ನು ನೋಡಿಯೂ ನೋಡದವನ ಹಾಗೆ. ಉಷ್ಣಮಾಪಕ ಬಿಚ್ಚಿಕೊಂಡೆ. ಇನ್ನು ಅಲ್ಲಿ ನನಗೆ ಕೆಲಸವಿರಲಿಲ್ಲ. ಆದರೂ ಅದರ ಮರುದಿನ ಮತ್ತೆ ಹೋದೆ, ಕತ್ತಲಾಗುವ ತನಕ ಕೂರೋಣ ಎಂದುಕೊಂಡು.

ಅವಳು ಬಂದಳು, ಕುರಿಗಳಿಲ್ಲದೆ. ಹೆಗಲ ಮೇಲೆ ಕುರಿಯ ಉಣ್ಣೆಯ ಕರಿ ಕಂಬಳಿ.

"ನಾನೇ ಕಣಪ್ಪ" ಎಂದಳು. "ಗುರುವಾರ ಮದ್ಯಾನ. ಮೈ ಇನ್ನೂ ಬೆಚ್ಚಗಿತ್ತು, ಉಸ್ರು ಇರ್ನಿಲ್ಲ. ಕಣ್ಣು ಬುಟ್ಕಂಡಿದ್ದ. ಅವನ್ ಕಡೆಯೋರು ಬರೋಗಂಟ ಆ ಕಣ್ಣಾಗೆ ನೊಣ ಕುಂತ್ಕಬಾರ್ದು ಅಂತ ಸೊಪ್ಪು ಮುಚ್ಚಿದೆ. ಮ್ಯಾಲೆ ಇದ್ನ ಹೊದ್ದಿಸ್ದೆ."

ಹಟ್ಟಿಗೆ ಹೋಗಿ ಮಗನಿಗೆ ಹೇಳಿದಳಂತೆ. ಮಗ, ನೀನು ಏನೂ ನೋಡಿಲ್ಲ, ಯಾರಾದರೂ ಕಾಣುತ್ತಾರೆ, ಬಾಯಿ ಮುಚ್ಚಿಕೊಂಡಿರು ಎಂದನಂತೆ. ಶುಕ್ರವಾರ ಅವಳು ಹೊಸ ಸೊಪ್ಪು ತಂದು ಹಾಕಿ, ಸಂಜೆಯವರೆಗೆ ಪಕ್ಕದಲ್ಲೇ ಕೂತಿದ್ದಳು. ಯಾರೂ ಬರಲಿಲ್ಲ. ಒಬ್ಬನನ್ನೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ ಎಂದಳು. ಆ ಮಾತನ್ನು ಅವಳು ಸಂದಿಯ ಕಡೆ ನೋಡಿಕೊಂಡು ಹೇಳಿದಳು.

ಹಾಗಾದರೆ ಕಂಬಳಿ ಯಾಕೆ ತೆಗೆದೆ ಎಂದು ಕೇಳಿದೆ. ಅವಳಿಗೆ ಕಷ್ಟವಾದದ್ದು ಇದೇ ಪ್ರಶ್ನೆ, ಪೊಲೀಸರಲ್ಲ. ಸತ್ತವರ ಮೈಮೇಲೆ ಹೊದಿಸಿದ ಕಂಬಳಿ ಅವರ ಜೊತೆಗೇ ಮಣ್ಣಿಗೆ ಹೋಗಬೇಕು. ಹಿಂದಕ್ಕೆ ತೆಗೆದುಕೊಂಡವರನ್ನು ಅವರ ಹಟ್ಟಿಯಲ್ಲಿ ಹತ್ತಿರ ಸೇರಿಸುವುದಿಲ್ಲ.

"ಶನಿವಾರ ಬೆಳಿಗ್ಗೆ ಮಳೆ ಬತ್ತಲ್ಲ, ಆಗ್ಲೇ ಕುರಿ ಮರಿ ಹಾಕ್ತು, ಇಲ್ಲೇ, ಈ ಬಂಡೆ ತಾವ. ಮರಿ ನಡುಗ್ತಿತ್ತು. ಸುತ್ತೋಕೆ ನನ್ ತಾವ ಏನೂ ಇರ್ನಿಲ್ಲ." ಹೆಗಲ ಕಂಬಳಿಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡಳು. "ಅವನ್ ಮೈಮ್ಯಾಗಿಂದು ಎಳ್ಕಂಡ್ಬುಟ್ಟೆ ಕಣಪ್ಪ. ಸೊಪ್ಪನ್ನ ನೀರು ಕೊಚ್ಕಂಡೋತು. ತಿರುಗಿ ನೋಡ್ನಿಲ್ಲ ನಾನು."

ಮಳೆ ನಿಂತು ಬಿಸಿಲು ಬಿದ್ದಾಗ ನೊಣಗಳು ಬಂದಿದ್ದವು. ಹುಳುಗಳು ಸುಳ್ಳು ಹೇಳಿರಲಿಲ್ಲ. ಅವು ಹೇಳಿದ್ದು ಅವಳು ಎದ್ದುಹೋದ ಹೊತ್ತನ್ನು.

ನಾಗರಾಜ ಬೆಂಚಿನ ಮೇಲೆ ಕೂತಿರುವುದನ್ನು ಅವಳಿಗೆ ಹೇಳಿದೆ. ಆ ಹುಡುಗನನ್ನು ಬಿಡುತ್ತಾರಾ ಎಂದು ಕೇಳಿದಳು. ನೀನು ಹೇಳಿದರೆ ಬಿಡಬಹುದು, ಖಂಡಿತ ಅಂತ ಹೇಳಲಾರೆ ಎಂದೆ. ಹಟ್ಟಿಗೆ ಗೊತ್ತಾಗುತ್ತದಾ ಎಂದಳು. ಗೊತ್ತಾಗುತ್ತದೆ ಎಂದೆ. ಅವಳು ಕೋಲೂರಿ ಎದ್ದು, ಜೀಪು ಹಟ್ಟಿಗೆ ಬರುವುದು ಬೇಡ, ನಾಳೆ ನಾನೇ ಇಲ್ಲಿಗೆ ಬರುತ್ತೇನೆ ಎಂದಳು.

ಮರುದಿನ ಅಲ್ಲಿ ಇದ್ದವರು ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ರಾಮಕೃಷ್ಣಯ್ಯ, ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಬಂದ ಊರಿನ ಇಬ್ಬರು, ಜೀಪಿನಲ್ಲಿ ಕರೆತಂದ ನಾಗರಾಜ, ಜುಂಜಮ್ಮ ಮತ್ತು ನಾನು. ಜುಂಜಮ್ಮ ಕಂಬಳಿಯ ವಿಷಯ, ಮರಿಯ ವಿಷಯ ಎಲ್ಲ ಅವರ ಮುಂದೆ ಹೇಳಿದಳು. ಇನ್‌ಸ್ಪೆಕ್ಟರಿಗೆ ಅನುಮಾನವಿತ್ತು. ಹೇಗೆ ಹೊದಿಸಿದ್ದಳು ಎಂಬುದನ್ನು ನೋಡಬೇಕೆಂದು ಮೇಡಂ ಕೂಡ ಹೇಳಿದ್ದರು. ಒಂದು ಬದಿ ತೆರೆದಿದ್ದರೂ ನೊಣ ಒಳಗೆ ಹೋಗುತ್ತಿತ್ತು. ಅದಕ್ಕೆ ಯಾರಾದರೂ ಅಲ್ಲಿ ಮಲಗಬೇಕು. ಇನ್‌ಸ್ಪೆಕ್ಟರ್ ರಾಮಕೃಷ್ಣಯ್ಯನವರ ಮುಖ ನೋಡಿದರು. ಅವರು ಹಿಂದಕ್ಕೆ ಸರಿದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಸಾರ್ ಎಂದರು. ಪಂಚರು ನೆಲ ನೋಡಿದರು. ಚೀಲಕ್ಕೆ ಹುಲ್ಲು ತುಂಬಿ ತನ್ನಿ ಎಂದು ಇನ್‌ಸ್ಪೆಕ್ಟರ್ ಹೇಳುತ್ತಿರುವಾಗ ನಾಗರಾಜ ಮುಂದೆ ಬಂದ.

"ನಾನ್ ಮಲಗ್ತೀನಿ ಸಾರ್. ಅಣ್ಣಂದೂ ನಂದೂ ಒಂದೇ ಎತ್ತರ."

ಚಪ್ಪಲಿ ಬಿಟ್ಟು, ಬಾಗಿ ಒಳಗೆ ಹೋಗಿ, ಅಣ್ಣ ಮಲಗಿದ್ದ ಹಾಗೆಯೇ ಅಂಗಾತ ಮಲಗಿದ. ಜುಂಜಮ್ಮ ಹಳ್ಳದಿಂದ ತಂದ ಸೊಪ್ಪನ್ನು ಪಕ್ಕದಲ್ಲಿಟ್ಟು ಕುಕ್ಕುರುಗಾಲಲ್ಲಿ ಕೂತಳು. ಕೈಗೆ ಸೊಪ್ಪು ತೆಗೆದುಕೊಂಡವಳು ಹಾಕದೆ ಅವನ ಮುಖವನ್ನೇ ನೋಡಿದಳು. ಕಣ್ಣು ಮುಚ್ಚಪ್ಪ ಎಂದಳು. ಮುಚ್ಚಿದ. ಮೊದಲು ಕಣ್ಣಿನ ಮೇಲೆ, ಆಮೇಲೆ ಬಾಯಿಯ ಮೇಲೆ, ಕತ್ತಿನ ಸುತ್ತ, ತಲೆಯ ಪೆಟ್ಟಿದ್ದ ಕಡೆ ಹೆಚ್ಚಾಗಿ. ಕಂಬಳಿ ಬಿಡಿಸಿ ಹೊದಿಸಿದಳು. ಭುಜದ ಅಡಿ ಸೇರಿಸಿದಳು, ಪಾದದ ಅಡಿ ಮಡಚಿದಳು, ಅಂಚಿನ ಉದ್ದಕ್ಕೂ ಚಿಕ್ಕ ಕಲ್ಲುಗಳನ್ನು ಇಟ್ಟಳು. ಇರುವೆ ಹೋಗುವಷ್ಟೂ ಸಂದು ಇರಲಿಲ್ಲ. ಮುಗಿದ ಮೇಲೆ ಎದ್ದು ಬರಲಿಲ್ಲ. ಪಕ್ಕದಲ್ಲಿ, ಬಂಡೆಗೆ ಬೆನ್ನು ಕೊಟ್ಟು ಕೂತಳು. ಶುಕ್ರವಾರ ಕೂತ ಜಾಗ ಅದೇ ಎಂದು ಯಾರೂ ಕೇಳದೆಯೇ ನಮಗೆ ತಿಳಿಯಿತು.

ಕಂಬಳಿ ಏರಿಳಿಯುತ್ತಿತ್ತು. ಉಸಿರಾಟ ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಅದು ಬರೀ ಉಸಿರಾಟವಲ್ಲ ಎಂದು ಗೊತ್ತಾಯಿತು. ಒಳಗಿನಿಂದ ಸದ್ದು ಬರಲಿಲ್ಲ. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಆಮೇಲೆ ಅವರು, ಆಯ್ತಮ್ಮ, ತೆಗಿ ಎಂದರು. ಜುಂಜಮ್ಮ ಅಲುಗಲಿಲ್ಲ.

"ಒಂದ್ಸಲ ತಗ್ದಿದ್ದೇ ಸಾಕು ಸ್ವಾಮಿ. ನಾನ್ ತಗಿಯಲ್ಲ."

ನಾಗರಾಜ ತಾನೇ ಎದ್ದ. ಮುಖಕ್ಕೆ ಸೊಪ್ಪು ಅಂಟಿತ್ತು, ಒರೆಸಿಕೊಳ್ಳಲಿಲ್ಲ. ಕಂಬಳಿಯನ್ನು ಹೊರಗೆ ತಂದು ಕೊಡವಿ, ಉದ್ದಕ್ಕೆ ಮಡಚಿದ.

"ಮರಿ ಬದುಕ್ತಾ ಅವ್ವ?" ಎಂದು ಕೇಳಿದ.

"ಬದುಕ್ತು."

"ಅಂಗಾದ್ರೆ ಹೊದ್ಕ" ಎಂದು ಅದನ್ನು ಅವಳ ಹೆಗಲ ಮೇಲೆ ಹಾಕಿದ. ಅವಳು ಬೇಡವೆನ್ನಲು ಕೈಯೆತ್ತಿದಳು. ಆ ಕೈ ಕಂಬಳಿಯ ಅಂಚನ್ನು ಹಿಡಿದುಕೊಂಡಿತು.

ಮೇಡಂ ವರದಿಯನ್ನು ಹೊಸದಾಗಿ ಬರೆದರು. ನಾಗರಾಜನನ್ನು ಮತ್ತೆ ಬೆಂಚಿಗೆ ಕರೆಯಲಿಲ್ಲ. ಮೇಲಿನ ಬಂಡೆಯ ಅಂಚಿನಲ್ಲಿ ಗಿರಿಯಪ್ಪನ ಬೇರಿನ ಚೀಲ ಸಿಕ್ಕಿತೆಂದು ಕೇಳಿದೆ. ಬಿದ್ದನೋ ಯಾರಾದರೂ ತಳ್ಳಿದರೋ, ಆಮೇಲೆ ಸಂದಿಯೊಳಗೆ ಹೇಗೆ ತೆವಳಿದನೋ ನನಗೆ ಗೊತ್ತಿಲ್ಲ, ನಾನು ನೋಡಿಲ್ಲ. ಜುಂಜಮ್ಮನನ್ನು ಹಟ್ಟಿಯಲ್ಲಿ ಕೆಲವು ಕಾಲ ಯಾರೂ ಮಾತಾಡಿಸಲಿಲ್ಲವಂತೆ. ನನ್ನ ರೂಮಿನ ಡಬ್ಬಿಗಳನ್ನು ತೊಳೆದು ಬಿಸಿಲಿಗಿಟ್ಟೆ. ಅಮೀರ್ ಸಾಬರ ಮನೆಯ ತಟ್ಟೆ ಮತ್ತೆ ಬರುವ ಮೊದಲೇ ನನಗೆ ವರ್ಗವಾಯಿತು.

ಅಂದು ಆ ಸಂದಿಯ ಮುಂದೆ ನಿಂತು ನೋಡಿದವರಲ್ಲಿ ಇನ್‌ಸ್ಪೆಕ್ಟರ್ ತೀರಿಕೊಂಡರು. ಪಂಚರಿಬ್ಬರೂ ಈಗಿಲ್ಲ. ರಾಮಕೃಷ್ಣಯ್ಯ ಇದ್ದಾರೆ, ನಿವೃತ್ತರಾಗಿ ಕೊರಟಗೆರೆಯಲ್ಲಿ. ನಾಗರಾಜ ಇದ್ದಾನೆ, ಬಲಸಮುದ್ರದಲ್ಲಿ, ಅದೇ ಕೆಲಸದಲ್ಲಿ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಇವರು ತಿದ್ದಬಹುದು. ಜುಂಜಮ್ಮ ಇದ್ದಾಳೆ. ಕಣ್ಣು ಕಾಣುವುದಿಲ್ಲ. ಮೊನ್ನೆ ಬಸ್ಸಿಳಿದು ಅವಳ ಹಟ್ಟಿಗೆ ಹೋಗಿದ್ದೆ. ಅಂದಿನದು ನೆನಪಿದೆಯಾ ಎಂದು ಕೇಳಿದಾಗ ಎರಡು ಕೈಗಳನ್ನೂ ಗಾಳಿಯಲ್ಲಿ ಚಾಚಿ, ತಲೆ ಎಲ್ಲಿತ್ತು, ಪಾದ ಎಲ್ಲಿತ್ತು ಎಂದು ತೋರಿಸಿದಳು.